ಯಕೃತ್ತಕ್ಕನ ಹೊಸ ದನಿ

ಭಾನುವಾರ, ಜೂನ್ ೧೪

ನನ್ನ ಮುದ್ದು ಗುಬ್ಬಿಗೆ,

ನೀನು, ಅಳಿಯಂದಿರು, ಮರಿಗುಬ್ಬಿ ಮೂವರೂ ಹೊಟ್ಟೆತುಂಬ ಉಂಡು ಕಣ್ತುಂಬ ನಿದ್ದೆ ಮಾಡುತ್ತಿದ್ದೀರಿ ಎಂದುಕೊಂಡೇ ಶುರು ಮಾಡುತ್ತೇನೆ. ನಿನ್ನ ಮೆಸೇಜುಗಳಿಗೆಲ್ಲ ‘ಚೆನ್ನಾಗಿದ್ದೇನೆ’ ಎಂಬ ಒಂದೇ ಮಾತು ಕಳಿಸಿ ಸುಮ್ಮನಾದೆನೆಂದು ಬೇಜಾರು ಮಾಡಿಕೊಳ್ಳಬೇಡ. ಆ ಪುಟ್ಟ ಗಾಜಿನ ಮೇಲೆ ಅಕ್ಷರ ಒತ್ತುವುದೆಂದರೆ ನನಗೆ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಹೇಳುವುದು ಬಹಳ ಇದೆ, ಅದಕ್ಕೇ ಪೆನ್ನು ಹಿಡಿದೆ.

ಮೊದಲು ಮೈಯ ಸುದ್ದಿ. ಆಪರೇಷನ್ ಗಾಯ ಪೂರ್ತಿ ಆರಿದೆ. ಕುತ್ತಿಗೆಯ ತೂತಿನಿಂದ ಉಸಿರಾಡುವುದು ರೂಢಿಯಾಗಿದೆ. ಮೂಗು ಈಗ ಕನ್ನಡಕ ನಿಲ್ಲಿಸಿಕೊಳ್ಳಲಿಕ್ಕೆ ಮಾತ್ರ. ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರಕ್ಕೆ ‘ಜೀರುಂಡೆ’ ಎಂದು ಹೆಸರಿಟ್ಟಿದ್ದೇನೆ. ಪ್ರೀತಿಯಿರಲಿ, ಸಿಟ್ಟಿರಲಿ, ಎಲ್ಲವನ್ನೂ ಒಂದೇ ರಾಗದಲ್ಲಿ ಗುಂಯ್‌ಗುಟ್ಟುತ್ತದೆ. ಮೊದಲ ಸಲ ಕೇಳಿದಾಗ ಪಕ್ಕದ ಮನೆಯಾಕೆ, “ನಿಮ್ಮ ಮಿಕ್ಸಿ ಕೆಟ್ಟಿದೆ ಕಣ್ರೀ, ಆಫ್ ಮಾಡಿ” ಎನ್ನುತ್ತಾ ಓಡಿ ಬಂದಳು. ನಾನೇ ಎಂದು ಗೊತ್ತಾದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನ್ನ ನಗುವಿಗೆ ಸದ್ದಿಲ್ಲ, ಅವಳದು ಇಬ್ಬರಿಗೂ ಸಾಕಾಯಿತು.

ಈಗ ದೊಡ್ಡ ಸುದ್ದಿ. ನಮ್ಮ ‘ಒಳಮನೆ’ ಕಾರ್ಟೂನನ್ನು ಟೀವಿಯವರು ತೊಳೆದು ಬಳಿದು ಮತ್ತೆ ಹಾಕುತ್ತಿದ್ದಾರೆ!

ನೆನಪಿದೆಯಾ? ಮನುಷ್ಯನ ಮೈಯೇ ಒಂದು ತುಂಬಿದ ಮನೆ. ಬೀಸುವ ಕಲ್ಲಿನ ಮುಂದೆ ಕೂತು ಸದಾ ಗೊಣಗುವ ಜಠರಪ್ಪ. ಜರಡಿ ಹಿಡಿದು ಜಗಳವಾಡುವ ಮೂತ್ರಪಿಂಡದ ಅವಳಿ ತಂಗಿಯರು. ಎಲ್ಲರೂ ತಂದು ಸುರಿದ ವಿಷವನ್ನು ತೋಳು ಮಡಚಿ ತೊಳೆಯುವ ಯಕೃತ್ತಕ್ಕ, ಅಂದರೆ ನಿನ್ನ ಅಮ್ಮನ ದನಿ. ಸ್ಕೂಲಿನಿಂದ ನೇರ ರೆಕಾರ್ಡಿಂಗ್ ಕೋಣೆಗೆ ಬಂದು, ಸದ್ದು ಹೀರಲೆಂದು ಗೋಡೆಗೆಲ್ಲ ಮೊಟ್ಟೆಯ ತಟ್ಟೆ ಅಂಟಿಸಿದ್ದ ಆ ಸೆಕೆಯಲ್ಲಿ, ಮೇಜಿನ ಕೆಳಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದೆ ನೀನು. ಒಮ್ಮೆ ಕ್ಲಾಸಿನಲ್ಲಿ ಹೊಟ್ಟೆನೋವು ಬಂದಾಗ ಟೀಚರಿಗೆ, “ಮಿಸ್, ಜಠರಪ್ಪ ಮುಷ್ಕರ ಹೂಡಿದಾನೆ” ಎಂದಿದ್ದೆಯಂತೆ.

ಚಿತ್ರಗಳು ನಡುಗುತ್ತಿದ್ದವು, ನಿಜ. ಬಣ್ಣ ಗೆರೆ ದಾಟಿ ಚೆಲ್ಲುತ್ತಿತ್ತು. ಬೆನ್ನಿಗೆ ಗಾಳಿಯ ಮೂಟೆ ಹೊತ್ತ ಕೆಂಪು ರಕ್ತಕಣಗಳು ಪ್ರತಿ ಕಂತಿನಲ್ಲೂ ಅದೇ ಓಣಿಯಲ್ಲಿ ಅದೇ ಹೆಜ್ಜೆ ಹಾಕುತ್ತಿದ್ದವು, ಹೊಸದಾಗಿ ಬರೆಯಲು ಯಾರಿಗೂ ಪುರುಸೊತ್ತಿರಲಿಲ್ಲ. ಆದರೆ ಕೀವು, ಕಫ, ಹೇಲು, ವಾಂತಿ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆವು. ಅದನ್ನು ನೋಡಿ ಬೆಳೆದ ಮಕ್ಕಳು ತಮ್ಮ ಮೈಗೆ ಹೇಸಲಿಲ್ಲ, ಹೆದರಲೂ ಇಲ್ಲ. ಈಗಿನವುಗಳಂತೆ ಥಳಥಳ ಹೊಳೆಯದಿದ್ದರೇನಂತೆ!

ಮರುಪ್ರಸಾರಕ್ಕೆ ಮುಂಚೆ ಟೌನ್‌ಹಾಲಿನಲ್ಲಿ ಒಂದು ಸಮಾರಂಭ. ಅದನ್ನು ಹೇಳಲು ಟೀವಿಯ ಹುಡುಗಿಯೊಬ್ಬಳು ಹೂಗುಚ್ಛ ಹಿಡಿದು ಮನೆಗೆ ಬಂದಳು. ನಾನು ಜೀರುಂಡೆ ಒತ್ತಿ “ಬಾಮ್ಮ, ಕೂತ್ಕೋ” ಎಂದೆನೋ ಇಲ್ಲವೋ, ಅವಳ ಮುಖ ಸುಣ್ಣದಂತಾಯಿತು. ನೀರು ಕುಡಿದು ಸುಧಾರಿಸಿಕೊಂಡು ಮೆಲ್ಲಗೆ ವಿಷಯಕ್ಕೆ ಬಂದಳು.

“ಮೇಡಂ, ವೇದಿಕೆ ಮೇಲೆ ಒಂದು ದೃಶ್ಯಕ್ಕೆ ಎಲ್ಲರೆದುರೇ ದನಿ ಕೊಡೋದು ಅಂತಿದೆ. ನಿಮ್ಮ ಪಾತ್ರ ಒಬ್ಬ ಸಿನಿಮಾ ನಟಿ ಮಾಡ್ತಾರೆ. ನೀವು ಮುಂದಿನ ಸಾಲಲ್ಲಿ ಆರಾಮಾಗಿ ಕೂತ್ಕೊಳ್ಳಿ.” ಎದ್ದು ಹೋಗುವಾಗ ಬ್ಯಾಗಿನಿಂದ ಒಂದು ರೇಷ್ಮೆಯ ಸ್ಕಾರ್ಫ್ ತೆಗೆದು ಇಟ್ಟಳು. “ಇದು ನಿಮಗೆ. ಕುತ್ತಿಗೆಗೆ... ಮಕ್ಕಳು ಬರ್ತಾರೆ, ನೋಡಿ ಹೆದರ್ಕೋಬಾರ್ದಲ್ಲ.”

ಜಠರಪ್ಪನಿಗೆ ದನಿಕೊಟ್ಟ ನಿನ್ನ ಮಾಮನಿಗೆ ಇದು ಗೊತ್ತಾಗಿ ಕೆಂಡಾಮಂಡಲವಾದ. “ನೀನಿಲ್ದೆ ನಾನೂ ಬಾಯಿ ಬಿಡಲ್ಲ” ಎಂದ. ನಾನೇ ಸಮಾಧಾನ ಮಾಡಿ ಒಪ್ಪಿಸಿದೆ. ನನ್ನ ದನಿಯ ಬಗ್ಗೆ ನನಗೇ ಸಂಕೋಚವಿತ್ತು ಗುಬ್ಬಿ, ಸುಳ್ಳೇಕೆ ಹೇಳಲಿ.

ಹಾಲ್ ಕಿಕ್ಕಿರಿದಿತ್ತು. ತಲೆ ನರೆಯುತ್ತಿದ್ದ ಅಪ್ಪಂದಿರು, ಅಮ್ಮಂದಿರು ಶೀರ್ಷಿಕೆ ಗೀತೆಗೆ ಚಪ್ಪಾಳೆ ತಟ್ಟಿ ಹಾಡಿದರು. ಅವರ ಮಕ್ಕಳು ಬೆಪ್ಪಾಗಿ ಅವರನ್ನೇ ನೋಡುತ್ತಿದ್ದವು. ಪರದೆಯ ಮೇಲಿಂದ ನನ್ನ ಹಳೆಯ ದನಿ ಬಂದಾಗ, ಎಂದೋ ಸತ್ತ ಗೆಳತಿ ಹೆಗಲ ಮೇಲೆ ಕೈಯಿಟ್ಟ ಹಾಗಾಯಿತು. ಸ್ಕಾರ್ಫಿನೊಳಗೆ ಬಿಸಿಯುಸಿರು ತುಂಬಿಕೊಂಡು ಉಬ್ಬಸ ಬಂತು.

ಆಮೇಲೆ ನಿರೂಪಕ ವೇದಿಕೆಗೆ ಬಂದು ಘೋಷಿಸಿದ: “ಯಕೃತ್ತಕ್ಕನ ದನಿಯಾಗಿದ್ದ ಹಿರಿಯ ಕಲಾವಿದೆ ಅನಾರೋಗ್ಯದ ಕಾರಣ ಇವತ್ತು ನಮ್ಮ ಜೊತೆ ಇಲ್ಲ.”

ನಾನು ಅವನ ಮೂಗಿನ ನೇರಕ್ಕೆ ಕೂತಿದ್ದೇನೆ!

“ಏಯ್, ಇಲ್ಲ ಅಂದ್ರೇನಯ್ಯಾ? ಅಲ್ಲೇ ಕೂತಿದಾಳಲ್ಲ!” ಎಂದು ಮಾಮ ವೇದಿಕೆಯಿಂದಲೇ ಗುಡುಗಿದ. ಜನ ಅದೂ ಜಠರಪ್ಪನ ತಮಾಷೆಯೆಂದು ನಕ್ಕರು.

ಎದ್ದೆ. ಆ ಹುಡುಗಿ ಓಡಿ ಬಂದು ಮೊಣಕೈ ಹಿಡಿದಳು, “ಮೇಡಂ, ಪ್ಲೀಸ್, ಈಗ ಬೇಡ.” ಕೈ ಬಿಡಿಸಿಕೊಂಡು ಮೆಟ್ಟಿಲು ಹತ್ತಿದೆ. ಸ್ಕಾರ್ಫ್ ತೆಗೆದು ಮಾಮನ ಕೈಗೆ ಕೊಟ್ಟೆ. ಆ ನಟಿಗೆ ಒಳ್ಳೆಯದಾಗಲಿ, ತನ್ನ ಮೈಕು ನನ್ನ ಬಾಯಿಯ ಹತ್ತಿರ ಹಿಡಿದಳು.

“ನಾನು ಇಲ್ಲೇ ಇದೀನಿ,” ಎಂದೆ. ಜೀರುಂಡೆ ಇಡೀ ಹಾಲನ್ನು ಗುಂಯ್‌ಗುಟ್ಟಿಸಿತು. ಒಂದು ಪುಟ್ಟ ಮಗು ಜೋರಾಗಿ ಅತ್ತುಬಿಟ್ಟಿತು. ಒಬ್ಬ ಅಪ್ಪ ಮಗನನ್ನು ಎತ್ತಿಕೊಂಡು ಹೊರಗೆ ನಡೆದ. ನಾನು ಇಳಿಯಲಿಲ್ಲ. “ಗಂಟಲಲ್ಲಿ ಧ್ವನಿಪೆಟ್ಟಿಗೆ ಅಂತ ಇರುತ್ತೆ ಮಕ್ಕಳೇ. ನನ್ನದರಲ್ಲಿ ಕೆಟ್ಟ ಗಡ್ಡೆ ಬೆಳೀತು. ಡಾಕ್ಟ್ರು ತೆಗೆದುಹಾಕಿದ್ರು. ಈಗ ಉಸಿರಾಡೋದು ಇಲ್ಲಿಂದ.” ಕತ್ತೆತ್ತಿ ತೂತು ತೋರಿಸಿದೆ.

ಎರಡು ಜಡೆಯ ಹುಡುಗಿಯೊಬ್ಬಳು ಕುರ್ಚಿ ಹತ್ತಿ ನಿಂತಳು.

“ಅಜ್ಜೀ, ಹಂಗಾದ್ರೆ ಎಲ್ಲಿಂದ ಕೆಮ್ತೀರಾ?”

“ಇಲ್ಲಿಂದಲೇ. ಎದುರಿಗೆ ಕೂತವರು ಹುಷಾರಾಗಿರಬೇಕು!”

ಹಾಲ್ ಘೊಳ್ಳೆಂದಿತು. ಆಮೇಲೆ ತಡೆಯುವವರು ಯಾರು? ನೊಣ ಹೋದರೆ? ಈಜಬಹುದಾ? ಊಟವೂ ಅಲ್ಲಿಂದಲೇನಾ? ಆಗ ಅತ್ತಿದ್ದ ಮಗು ಕೂಡ ಅಮ್ಮನ ಹೆಗಲಿನಿಂದ ಒಂದು ಕಣ್ಣು ಈಚೆ ಹಾಕಿತು. ಕೊನೆಗೆ ಆ ದೃಶ್ಯಕ್ಕೂ ನಾನೇ ದನಿ ಕೊಟ್ಟೆ. ಮಾಮ ಗೊಣಗಿದ, ನಾನು ಗುಂಯ್‌ಗುಟ್ಟಿ ಬೈದೆ. ಮಕ್ಕಳು ಬಿದ್ದು ಬಿದ್ದು ನಕ್ಕವು.

ಮಾರನೆಯ ದಿನ ಟೀವಿಯ ಮೇಲಧಿಕಾರಿ ಫೋನ್ ಮಾಡಿ, ಸಮಾರಂಭದ ಪ್ರಸಾರದಲ್ಲಿ ಆ ಭಾಗ ಕತ್ತರಿಸುವುದಾಗಿ ಹೇಳಿದರು. “ಕತ್ತರಿಸಿ ಸ್ವಾಮೀ. ನನಗೆ ಕತ್ತರಿಸಿಕೊಂಡು ಅಭ್ಯಾಸವಿದೆ. ನೋಡಬೇಕಾದ ಮಕ್ಕಳು ಆಗಲೇ ನೋಡಿದವು” ಎಂದೆ. ಕತ್ತರಿಸಿದರು ಕೂಡ. ಆದರೆ ಅಂದು ಹಾಲಿನಲ್ಲಿದ್ದ ಟೀಚರೊಬ್ಬರು ತಮ್ಮ ಶಾಲೆಗೆ ಕರೆದಿದ್ದರು, ಮೊನ್ನೆ ಹೋಗಿ ಬಂದೆ. ಈಗ ಇನ್ನೊಂದು ಶಾಲೆಯಿಂದಲೂ ಕರೆ ಬಂದಿದೆ. ಸ್ಕಾರ್ಫ್ ಕಿಟಕಿ ಗಾಜು ಒರೆಸಲು ಬಹಳ ಚೆನ್ನಾಗಿದೆ.

ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಮರಿಗುಬ್ಬಿಯ ಎರಡೂ ಕೆನ್ನೆಗೆ ನನ್ನ ಮುತ್ತು. ನಿಮ್ಮ ಮನೆಯಲ್ಲಿ ಸದಾ ಗದ್ದಲ, ಮಾತು, ನಗು ತುಂಬಿರಲಿ. ಮೈಗೆ ಬಂದದ್ದನ್ನು ಎದುರಿಸುವ ಗಟ್ಟಿತನ ನಿನಗಿರಲಿ.

ಇಂತಿ,
ನಿನ್ನ ಅಮ್ಮ

ಮರೆತಿದ್ದೆ: ಹೋದ ತಿಂಗಳು ನಾನು ಫೋನ್ ಮಾಡಿದ್ದೆ. ಎತ್ತಿದವಳು ನೀನೇ. “ಗುಬ್ಬೀ, ನಾನು” ಎಂದೆ. ಹಿಂದಿನಿಂದ ಮರಿ “ಯಾರಮ್ಮ ಅದು?” ಎಂದಳು. ನೀನು “ಯಾರೋ ರಾಂಗ್ ನಂಬರ್ ಪುಟ್ಟಾ” ಎಂದು ಇಟ್ಟುಬಿಟ್ಟೆ. ಡಾಕ್ಟರು ತೆಗೆದದ್ದು ನನ್ನ ಧ್ವನಿಪೆಟ್ಟಿಗೆಯನ್ನು ಕಣೇ, ಕಿವಿಯನ್ನಲ್ಲ. ಬರುವ ಭಾನುವಾರ ಬೆಳಿಗ್ಗೆ ಮತ್ತೆ ಮಾಡುತ್ತೇನೆ. ಈ ದನಿ ಕೇಳಲು ನಿನಗೆ ಆಗದಿದ್ದರೆ ಪರವಾಗಿಲ್ಲ, ಫೋನು ಮರಿಯ ಕೈಗೆ ಕೊಡು.