ಅಚ್ಚಾಗದ ಹೆಸರಿಗೆ ಪುರಾವೆ ಕೇಳಿದವರಿಗೆ

ಅಂತರ್ಜಾಲ ವಿಶ್ವಕೋಶದಲ್ಲಿ ಲೇಖನ ಅಳಿಸುವ ಅಧಿಕಾರವುಳ್ಳ ಮಾನ್ಯ ನಿರ್ವಾಹಕರೇ,

‘ನುತಾ’ ಎಂಬ ತಂತ್ರಾಂಶದ ಕುರಿತ ಲೇಖನಕ್ಕೆ ನೀವು ‘ಗಮನಾರ್ಹವಲ್ಲ, ಅಳಿಸಬಹುದು’ ಎಂಬ ಚೀಟಿ ಅಂಟಿಸಿ ಇಂದಿಗೆ ಐದು ದಿನ. ಇನ್ನೆರಡು ದಿನಕ್ಕೆ ಚರ್ಚೆ ಮುಗಿಯುತ್ತದೆ. ಚರ್ಚೆ ಎಂದರೆ ನೀವು, ನಿಮ್ಮ ಮಾತಿಗೆ ‘ಸಹಮತ’ ಎಂದು ಬರೆದ ಇಬ್ಬರು, ಮತ್ತು ಜಪಾನಿನ ಶಿಮಾನೆ ಪ್ರಾಂತ್ಯದ ಒಂದು ಮೂಲೆಯಲ್ಲಿ ಮದುವೆ, ಸಾವಿನ ಕಾರ್ಡು ಅಚ್ಚು ಹಾಕಿಕೊಂಡಿರುವ ನಾನು.

ನಿಮ್ಮ ಮುಖ್ಯ ಆಕ್ಷೇಪ: ಪತ್ರಿಕೆಗಳಲ್ಲಿ ಈ ಹೆಸರೇ ಕಾಣುವುದಿಲ್ಲ. ಹುಡುಕಿದಿರಂತೆ, ಸೊನ್ನೆ ಬಂತಂತೆ. ಬರದೆ ಏನಾಗುತ್ತದೆ ಸ್ವಾಮಿ? ಪದಕ್ಕೊಂದು ಅಕ್ಷರದಂತೆ ಸಾವಿರಾರು ಅಕ್ಷರಗಳಿರುವ ನಮ್ಮ ಲಿಪಿಯಲ್ಲಿ ‘ನುತಾ’ ಎಂಬುದು ಕೆಸರುನೆಲ ಎಂಬರ್ಥದ, ನಮ್ಮ ಕಡೆಯ ನಾಲ್ಕಾರು ಮನೆತನಗಳಷ್ಟೇ ಬಳಸುವ ಒಂದೇ ಒಂದು ಹಳೆಯ ಅಕ್ಷರ. ಅದು ಯಾವ ಕಂಪ್ಯೂಟರಿನಲ್ಲೂ ಇಲ್ಲ. ಹಾಗೆ ಇಲ್ಲದ ಅಕ್ಷರಗಳನ್ನು ಬರೆಯಲಿಕ್ಕೆಂದೇ ಈ ತಂತ್ರಾಂಶ ಹುಟ್ಟಿದ್ದು. ಇಪ್ಪತ್ತು ವರ್ಷದ ಹಿಂದೆ ಪತ್ರಿಕೆಯೊಂದು ಇದರ ಬಗ್ಗೆ ಅರ್ಧ ಪುಟ ಬರೆಯಿತು. ತಯಾರಿಸಿದವರ ಹೆಸರು, ಭಾವಚಿತ್ರ ಎಲ್ಲ ಇತ್ತು. ತಂತ್ರಾಂಶದ ಹೆಸರು ಬರಬೇಕಾದ ಹದಿನಾಲ್ಕು ಜಾಗದಲ್ಲಿ ಮಾತ್ರ ‘ಗೆತಾ’ ಕೂತಿತ್ತು. ಅಚ್ಚಿನ ಮೊಳೆ ಸಿಗದ ಕಡೆ ನಮ್ಮ ಮುದ್ರಕರು ಹಾಕುವ ಎರಡು ದಪ್ಪ ಗೆರೆ ಅದು. ಮರದ ಚಪ್ಪಲಿಯ ಗುರುತಿನಂತೆ ಕಾಣುವುದರಿಂದ ಚಪ್ಪಲಿಯ ಹೆಸರೇ ಅದಕ್ಕೂ ಬಂತು. ಆ ವರದಿಯನ್ನು ನಿಮಗೆ ಕಳಿಸಿದೆ. ನಿಮ್ಮ ಉತ್ತರ: ‘ಲಗತ್ತಿಸಿದ ವರದಿಯಲ್ಲಿ ವಿಷಯದ ಹೆಸರು ಉಲ್ಲೇಖವಾಗಿಲ್ಲ.’ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯದೆ ಯಂತ್ರ ನಿಲ್ಲಿಸಿ ಕೂತುಬಿಟ್ಟೆ.

‘ಬರೆದವರಿಗೆ ಸ್ವಹಿತಾಸಕ್ತಿ ಇದೆ’ ಎಂದೂ ಹೇಳಿದ್ದೀರಿ. ಇದೆ, ಒಪ್ಪಿದೆ. ನನ್ನ ಮನೆತನದ ಹೆಸರೇ ನುತಾ. ಆರನೇ ತರಗತಿ ಮುಗಿದಾಗ ವೇದಿಕೆಯ ಮೇಲೆ ಕೊಟ್ಟ ಪ್ರಮಾಣಪತ್ರದಲ್ಲಿ ನನ್ನ ಹೆಸರಿನ ಜಾಗಕ್ಕೂ ಗೆತಾ ಇತ್ತು. ಪಕ್ಕದ ಹುಡುಗಿ ಇಣುಕಿ ನೋಡಿ, “ಅಯ್ಯೋ, ಇವ್ಳ ಹೆಸ್ರನ್ನ ಯಾರೋ ಚಪ್ಪಲಿ ಕಾಲಲ್ಲಿ ತುಳ್ದುಬಿಟ್ಟಿದಾರೆ ಕಣ್ರೇ!” ಅಂದಳು. ಹೈಸ್ಕೂಲು ಮುಗಿಯುವವರೆಗೂ ನಾನು ‘ಚಪ್ಪಲಿ’ಯೇ. ಅಂದು ನಾನು ಅತ್ತದ್ದನ್ನು ಕಂಡವರು ನಮ್ಮ ತರಗತಿಯ ಟೊಕಿಯೆದಾ ಮೇಷ್ಟ್ರೊಬ್ಬರೇ. ಮುಂದೆ ಮೂರು ಬೇಸಿಗೆ ರಜೆ ಕೂತು ಈ ತಂತ್ರಾಂಶ ಬರೆದರು. ಯಾರು ಬೇಕಾದರೂ ಬಳಸಿ, ಬೇಕಾದಂತೆ ತಿದ್ದಿಕೊಳ್ಳಿ ಎಂದು ಅದರ ಮೂಲವನ್ನೂ ಬಯಲಿಗಿಟ್ಟರು. ಮೊದಲು ಮೂಡಿಸಿದ ಅಕ್ಷರ ನನ್ನದು, ಅದೇ ತಂತ್ರಾಂಶದ ಹೆಸರಾಯಿತು. ಇಂದು ಶಾಲೆಗಳು, ಗೋರಿಕಲ್ಲು ಕೆತ್ತುವವರು, ನನ್ನಂಥ ಸಣ್ಣ ಅಚ್ಚುಮನೆಯವರು ಅದನ್ನು ದಿನವೂ ಬಳಸುತ್ತೇವೆ. ನಮ್ಮ ಹೆಸರು ಸರಿಯಾಗಿ ಬಂತು ಎಂದು ಯಾರಾದರೂ ಪತ್ರಿಕೆಗೆ ಸುದ್ದಿ ಕೊಡುತ್ತಾರೆಯೇ?

ಮೇಷ್ಟ್ರಿಗೆ ಈಗ ಎಪ್ಪತ್ತೊಂಬತ್ತು. ಕಣ್ಣಿನ ನರ ಸೋತು ಅರ್ಧ ಪರದೆ ಕಾಣುವುದಿಲ್ಲ. ಕಂಪ್ಯೂಟರುಗಳು ಹೊಸದಾದಾಗಲೆಲ್ಲ ತಂತ್ರಾಂಶವನ್ನೂ ತಿದ್ದಬೇಕು, ಇಲ್ಲದಿದ್ದರೆ ಅದು ನಿಂತೇ ಹೋಗುತ್ತದೆ. ಕಳೆದ ತಿಂಗಳು ಅಕಿತಾದಿಂದ ಮೊಗಾಮಿ ಎಂಬ ಎಂಜಿನಿಯರ್ ನಿಮ್ಮಲ್ಲಿನ ಲೇಖನ ಓದಿ, ಮುಂದೆ ನಾನು ನೋಡಿಕೊಳ್ಳುತ್ತೇನೆ ಎಂದು ಬರೆದರು. ಮೇಷ್ಟ್ರ ಸಂತೋಷ ಹೇಳತೀರದು. ನಿಮ್ಮ ಚೀಟಿ ಬಿದ್ದ ಮರುದಿನವೇ ಆಕೆಯ ಎರಡನೇ ಪತ್ರ ಬಂತು: ತೀರ್ಮಾನ ಬರಲಿ, ಆಮೇಲೆ ನೋಡೋಣ.

ಮೊನ್ನೆ ನಮ್ಮ ಅಚ್ಚುಮನೆಯಲ್ಲಿ ಬಾರ್ಲಿ ಚಹಾ ಕುಡಿಯುತ್ತ ಮೇಷ್ಟ್ರು ಕೇಳಿದರು:

“ಚಿಗುಸಾ, ಗಮನಾರ್ಹ ಅಲ್ಲ ಅಂದ್ರೆ ಏನಮ್ಮಾ? ಕೆಲ್ಸ ಮಾಡ್ತಿಲ್ವಂತಾ?”

“ಕೆಲ್ಸ ಚೆನ್ನಾಗೇ ಮಾಡುತ್ತೆ ಮೇಷ್ಟ್ರೇ. ಆದ್ರೆ ಯಾರೂ ಅದ್ರ ಬಗ್ಗೆ ಮಾತಾಡಿಲ್ವಂತೆ.”

“ಮಾತಾಡ್ಬಾರ್ದು ಅಂತಾನೇ ಅಲ್ವೇನೇ ಮಾಡಿದ್ದು! ನಿನ್ ಥರ ಇನ್ಯಾರ್ ಹೆಸ್ರನ್ನೂ ಜನ ಆಡ್ಕೋಬಾರ್ದು ಅಂತ.”

ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ಬರೆದು ಕಳಿಸಿ, ಅವರಿಗೆ ಓದಿ ಹೇಳುತ್ತೇನೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಅಂತಿಮ ತೀರ್ಪಿನಲ್ಲಿ ವಿಷಯದ ಹೆಸರನ್ನು ಅದರ ನಿಜವಾದ ಅಕ್ಷರದಲ್ಲೇ ನಮೂದಿಸಬೇಕೆಂದು ನಿಮ್ಮದೇ ನಿಯಮ ಹೇಳುತ್ತದೆ. ನಮೂದಿಸಿ. ಅದನ್ನು ಬರೆಯಬಲ್ಲ ತಂತ್ರಾಂಶ ಜಗತ್ತಿನಲ್ಲಿ ಒಂದೇ ಇದೆ; ಉಚಿತ, ಇಳಿಸಿಕೊಳ್ಳಲು ಎರಡು ನಿಮಿಷ ಸಾಕು. ಅದರಲ್ಲೇ ಆ ಅಕ್ಷರ ಬರೆದು, ಅದರ ಮುಂದೆ ‘ಗಮನಾರ್ಹವಲ್ಲ’ ಎಂದು ಬರೆಯಲು ನಿಮಗೆ ಕೈ ಬಂದರೆ, ಧಾರಾಳವಾಗಿ ಅಳಿಸಿ.

ಇಂತಿ,
ತನ್ನ ಹೆಸರಿನ ಪರವಾಗಿಯೇ ಪಕ್ಷಪಾತಿಯಾದ
ನುತಾ ಚಿಗುಸಾ, ಮುದ್ರಕಿ