ಬೋಡಕ್‌ದೇವ್‌ನಲ್ಲಿ ಎತ್ತಿ ಕುಡಿದ ಚಾ

ಹ್ವಾಯ್, ಕೇಳಿದಿರಾ? ನಿಮ್ಮ ಫೋಟೋಕ್ಕೆ ಹಾರ ಹಾಕುವಾಗಲೇ ಹೇಳಬೇಕೆಂದಿದ್ದೆ. ನಗು ತಡೆಯಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ಮೊಮ್ಮಗಳು ಪ್ರೇರಣಾ ನನ್ನನ್ನು ಬೋಡಕ್‌ದೇವ್ ಬಡಾವಣೆಯ ಹೊಸ ಚಾ ಅಂಗಡಿಗೆ ಕರೆದೊಯ್ದಳು. ಗುಲಾಬಿ ಚಾ, ಮಾವಿನ ಚಾ, ಮಲ್ಲಿಗೆ ಚಾ, ಎಲ್ಲವೂ ರುಚಿ ನೋಡಲು ಪುಟ್ಟ ಪುಟ್ಟ ಬಟ್ಟಲಲ್ಲಿ. ಹಾಲಿಲ್ಲ, ಸಕ್ಕರೆಯಿಲ್ಲ. ಗೋರ್ವಾದಲ್ಲಿ ನಾವು ನಡೆಸುತ್ತಿದ್ದ ಹೋಟೆಲಿನಲ್ಲಿ ಇದನ್ನು ಕೊಟ್ಟಿದ್ದರೆ ಲೋಟ ತೊಳೆದ ನೀರೆಂದು ಗಿರಾಕಿಗಳು ಜಗಳಕ್ಕೆ ಬರುತ್ತಿದ್ದರು. ನಾನು ಅಭ್ಯಾಸದಂತೆ ತುಟಿಗೆ ತಾಗಿಸದೆ, ಬಟ್ಟಲೆತ್ತಿ ಬಾಯಿಗೆ ಸುರಿದುಕೊಂಡೆ. ಅಂಗಡಿಯವರೆಲ್ಲ ಬೆರಗಾಗಿ ನೋಡಿದರು.

"ಅಜ್ಜಿ, ಹಾಗೆ ಅಲ್ಲ! ಮೂಗು ಹತ್ರ ತಾ. ಖುಷ್ಬೂ ಗೊತ್ತಾಗಬೇಕು ನಾ!" ಎಂದಳು ಪ್ರೇರಣಾ, ಗುಜರಾತಿ ಬೆರೆತ ತನ್ನ ಕನ್ನಡದಲ್ಲಿ.

"ಯಾರ್ಯಾರ್ ಬಾಯಿ ಇಟ್ಟ ಬಟ್ಲೊ ಏನೊ ಮಾರಾಯ್ತಿ," ಅಂದೆ.

ಅವಳು ಚಾ ಸೊಪ್ಪು ಹಾಕಿದ ಚಾಕೊಲೇಟನ್ನು ಅರ್ಧ ಕಚ್ಚಿ, ಉಳಿದರ್ಧವನ್ನು ನನ್ನ ಬಾಯಿಗೇ ಇಟ್ಟುಬಿಟ್ಟಳು. ಎಂಜಲೆಂದು ಹೊಳೆಯುವಷ್ಟರಲ್ಲಿ ಅದು ಕರಗಿತ್ತು. ಮೊದಲು ಕಹಿ, ಆಮೇಲೆ ಸಿಹಿ, ಕೊನೆಗೆ ಶುಂಠಿ ಚಾ! ಥೇಟ್ ನಿಮ್ಮ ಕೈಯದೇ.

ನೀವು ಅರ್ಧ ಕುಡಿದ ಲೋಟವನ್ನು ದಿನಾ ನನ್ನತ್ತ ಚಾಚಿ, "ಒಂದ್ ಗುಟ್ಕ್ ಕುಡ್ದ್ ಕಾಣ್" ಅನ್ನುತ್ತಿದ್ದಿರಲ್ಲ. ನಾನು "ಎಂಜ್ಲ್" ಎಂದು ಮುಖ ತಿರುಗಿಸುತ್ತಿದ್ದೆ. ನೀವು ನಕ್ಕು, ಮರುದಿನ ಮತ್ತೆ ಚಾಚುತ್ತಿದ್ದಿರಿ.

ಮನೆಗೆ ಬಂದವಳೇ ನಿಮ್ಮ ಲೋಟ ಹುಡುಕಿ ತೆಗೆದು ಶುಂಠಿ ಚಾ ಮಾಡಿದೆ. ತುಟಿಯಿಟ್ಟೇ ಕುಡಿದೆ. ಹೌದು, ಪರಿಮಳ ಹಾಗೆ ಕುಡಿದರೇ ಗೊತ್ತಾಗುವುದು. ತಳದಲ್ಲಿ ಒಂದು ಗುಟುಕು ಉಳಿಸಿ ನಿಮ್ಮ ಫೋಟೋದೆದುರು ಇಟ್ಟಿದ್ದೇನೆ. ನೀವೇನೂ ಎಂಜಲು ಅನ್ನುವವರಲ್ಲ.