ಅಪ್ಪ ಕೆರೆದು ತೆಗೆದ ಕಡಲೆಬೀಜ

ಶನಿವಾರ, ಬೆಳಿಗ್ಗೆ

ಮಗಳ ತಂದೆಯವರಿಗೆ,

ನೀವು ಕ್ಷೇಮವಾಗಿಯೇ ಇರುತ್ತೀರಿ. ಯಾವುದಕ್ಕೂ ತಲೆ ಕೆಡಿಸಿಕೊಳ್ಳದವರಿಗೆ ಏನಾಗುತ್ತದೆ? ನಾವು ಬೇರೆಯಾದ ಮೇಲೆ ಮೊದಲ ಸಲ ಅವಳನ್ನು ರೈಲಿನಲ್ಲಿ ಕರೆದುಕೊಂಡು ಹೋಗುತ್ತಿದ್ದೀರಲ್ಲ, ಅದಕ್ಕೆ ಈ ಕಾಗದ. ಫೋನಿನಲ್ಲಿ ಹೇಳಿದರೆ ಹ್ಞೂಂಗುಟ್ಟುತ್ತಾ ಟಿವಿ ನೋಡುತ್ತೀರಿ.

ದೊಡ್ಡ ಡಬ್ಬಿಯಲ್ಲಿ ಅನ್ನ, ಬೇಯಿಸಿದ ಆಲೂಗಡ್ಡೆ. ಚಿಕ್ಕದರಲ್ಲಿ ಹಣ್ಣು. ಚಮಚ ಅವಳದ್ದು. ಅದರಲ್ಲಿ ನಿಮ್ಮ ಕುರುಕಲು ತಿಂದು, ಪ್ಯಾಂಟಿಗೆ ಒರೆಸಿ ವಾಪಸ್ಸಿಡಬೇಡಿ. ಉಸಿರು ಕಟ್ಟಿದರೆ ಚುಚ್ಚಬೇಕಾದ ಪೆನ್ನಿನಂಥ ಇಂಜೆಕ್ಷನ್ ಚೀಲದ ಮುಂದಿನ ಜೇಬಿನಲ್ಲಿದೆ. ಚೀಲ ಅವಳ ಪಕ್ಕದಲ್ಲೇ ಇರಲಿ, ಸೀಟಿನ ಕೆಳಗೆ ತುರುಕಬೇಡಿ.

ಕಡಲೆಬೀಜದ ಅಲರ್ಜಿಯೂ ಇಲ್ಲ ಏನೂ ಇಲ್ಲ, ನಾನೇ ಹುಡುಗಿಗೆ ಇಲ್ಲದ ರೋಗ ಅಂಟಿಸಿದ್ದೇನೆ ಎಂದು ನಿಮ್ಮ ಅಕ್ಕನ ಮುಂದೆ ಭಾಷಣ ಬಿಗಿದಿರಂತೆ. ನಿಮ್ಮ ಜಾಣತನವನ್ನು ಶಾಲೆಯ ಆಟೋಟದ ದಿನ ಕಣ್ಣಾರೆ ಕಂಡಿದ್ದೇನೆ. ಕೇಕಿನ ಮೇಲಿದ್ದ ಕಡಲೆಬೀಜಗಳನ್ನು ಉಗುರಿನಿಂದ ಕೆರೆದು ತೆಗೆದು, ಈಗ ಏನೂ ಇಲ್ಲ ತಿನ್ನು ಎಂದು ಅವಳ ಕೈಗಿಟ್ಟಿರಿ. ತುಟಿ ಊದಿ, ಉಸಿರು ಸಿಕ್ಕಿಕೊಂಡು ಅವಳು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ, ಮೇಲಿದ್ದದ್ದನ್ನೆಲ್ಲ ತೆಗೆದಿದ್ದೆನಲ್ಲ ಎಂದು ನರ್ಸಿನ ಹತ್ತಿರ ವಾದ ಮಾಡುತ್ತಿದ್ದಿರಿ. ಆಕೆ ನಿಮ್ಮನ್ನು ನೋಡಿದ ನೋಟ ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ತಣ್ಣಗಾಗುತ್ತದೆ. ಊರಿಗೆಲ್ಲ ಡ್ರೈವಿಂಗ್ ಕಲಿಸುತ್ತೀರಿ; ಡಿಕ್ಕಿಯಾದ ಮೇಲೆ ಬ್ರೇಕ್ ಒತ್ತಿ ಎಂದು ಹೇಳಿಕೊಡುತ್ತೀರೇನೋ.

ಕಳಿಸುವುದಿಲ್ಲ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಅವಳು ವಾರದಿಂದ ಅದೇ ಬಟ್ಟೆಗಳನ್ನು ಮಡಚಿ ಬಿಚ್ಚಿ ಮತ್ತೆ ಮಡಚಿ ಇಡುತ್ತಿದ್ದಾಳೆ. ಅದನ್ನು ನೋಡಿ ಸುಮ್ಮನಾದೆ. ನಿಮ್ಮ ಮೇಲೆ ನಂಬಿಕೆ ಹುಟ್ಟಿತೆಂದು ಉಬ್ಬಬೇಡಿ. ನನಗೆ ಭಯವಾಗುತ್ತಿದೆ.

ಇತಿ,
ನಿಮ್ಮ ಪ್ರಕಾರ ಪುಕ್ಕಲು ಹೆಂಗಸು

ತಾ.ಕ.: ಡಬ್ಬಿ ಮುಚ್ಚುವಾಗ ಅವಳು ಈಗ ತಾನೇ ಒಂದು ಮಾತು ಹೇಳಿದಳು. ಆ ಕೇಕು ತನಗೆ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತಂತೆ. ಅಪ್ಪ ಅಷ್ಟು ಹೊತ್ತು ಕೂತ್ಕೊಂಡು ಬಿಡಿಸಿದ್ರು, ಬೇಡ ಅಂದಿದ್ರೆ ಬೇಜಾರಾಗ್ತಿತ್ತು, ಅದಕ್ಕೇ ತಿಂದೆ ಎಂದಳು. ಇನ್ನು ಮೇಲೆ ಅಪ್ಪನಿಗೆ ಧಾರಾಳವಾಗಿ ಬೇಜಾರು ಮಾಡು ಎಂದು ಹೇಳಿದೆ. ಅವಳು ಮತ್ತೆ ಬಟ್ಟೆ ಮಡಚಲು ಹೋದಳು. ನಾನು ಹೇಳಿದರೆ ಸಾಲದು. ರೈಲು ಹತ್ತುವ ಮೊದಲು ನೀವೇ ಹೇಳಿ.